ವಿಕೆಟ್ ತಾನಾಗಿ ಬೀಳುವುದಿಲ್ಲ

ಸುಲ್ತಾನ್ ಬಜಾರಿನಲ್ಲಿ ಬಡೀ ಚೌಡಿಯ ಕಡೆಗೆ ತಿರುಗುವಲ್ಲಿ ನಾನು ಆಗಾಗ ಹೋಗುವ ಬಟ್ಟೆ ಅಂಗಡಿಯೊಂದಿದೆ. ಅಂಗಡಿಯವರು ಬೀದರ್ ಕಡೆಯವರು. ಗಿರಾಕಿಯ ಮುಖ ನೋಡಿ ತೆಲುಗು, ಉರ್ದು, ಮರಾಠಿ ಆಡುತ್ತಾರೆ. ನಾನು ಹೋದರೆ ಕನ್ನಡ. ನಾನವರನ್ನು ಕಾಕಾ ಅನ್ನುತ್ತೇನೆ. ಈಚೆಗೊಂದು ದಿನ ದಿಂಬಿನ ಗಲೀಫಿಗೆ ಬಟ್ಟೆ ಹರಿಸಿಕೊಳ್ಳುತ್ತಿದ್ದಾಗ ಮಾತು ಎಲ್ಲೆಲ್ಲೋ ಸುತ್ತಿ ಕೋಲ್ಕತ್ತ ಟೆಸ್ಟಿಗೆ ಬಂತು. ಹೈದರಾಬಾದಿನಲ್ಲಿ ಕ್ರಿಕೆಟ್ ಮಾತು ಹತ್ತು ನಿಮಿಷ ದಾಟಿದರೆ ಅಲ್ಲಿಗೇ ಬರುತ್ತದೆ: 2001, ಈಡನ್ ಗಾರ್ಡನ್ಸ್, ಊರ ಮಗ ವಿ.ವಿ.ಎಸ್. ಲಕ್ಷ್ಮಣ್, 281. ನಾನು ಸುಮ್ಮನಿರಲಾರದೆ, "ಆ ಪಂದ್ಯ ಗೆಲ್ಲಿಸಿದ್ದು ಹರ್ಭಜನ್, ಕಾಕಾ" ಅಂದೆ.

ಕತ್ತರಿ ಅರ್ಧಕ್ಕೇ ನಿಂತಿತು. "ಏ ತಮ್ಮಾ, ಲಕ್ಷ್ಮಣ್ ಇರ್ಲಿಲ್ಲಂದ್ರ ಹರ್ಭಜನ್ ಯಾರಿಗೆ ಬಾಲ್ ಹಾಕ್ತಿದ್ದ? ಮ್ಯಾಚೇ ಮುಗದಿರ್ತಿತ್ತು."

ಕಾಕಾ ಹೇಳಿದ್ದು ತಪ್ಪಲ್ಲ. ಭಾರತ 274 ರನ್ ಹಿಂದೆ ಬಿದ್ದು ಫಾಲೋ ಆನ್ ಆಗಿತ್ತು. ಲಕ್ಷ್ಮಣ್ ಮತ್ತು ರಾಹುಲ್ ಡ್ರಾವಿಡ್ ನಾಲ್ಕನೆಯ ದಿನವಿಡೀ ಔಟಾಗದೆ ಆಡಿದರು. ಅದನ್ನು ನೋಡಿದವರು ಸಾಯುವತನಕ ಹೇಳಿಕೊಳ್ಳಲಿ, ನನ್ನ ತಕರಾರಿಲ್ಲ. ಆದರೆ ಆ ಜೊತೆಯಾಟ ನಮಗೆ ಕೊಟ್ಟದ್ದೇನು? ಸೋಲುವುದಿಲ್ಲ ಎಂಬ ಖಾತ್ರಿ, ಗೆಲ್ಲಲು ನೋಡುವ ಅವಕಾಶ. ಕೊನೆಯ ದಿನ ಚಹಾ ವಿರಾಮದ ಹೊತ್ತಿಗೆ ಆಸ್ಟ್ರೇಲಿಯದ ಮೂರೇ ವಿಕೆಟ್ ಹೋಗಿದ್ದವು. ಪಂದ್ಯ ಅಲ್ಲಿಗೇ ನಿಂತಿದ್ದರೆ 281 ಎಂಬುದು ಒಂದು ಡ್ರಾ ಪಂದ್ಯದ ಸೊಗಸಾದ ನೆನಪಾಗಿ ಉಳಿಯುತ್ತಿತ್ತು. ಹಾಗಾಗಲಿಲ್ಲ. ಮೊದಲ ಇನಿಂಗ್ಸಿನಲ್ಲಿ ಹ್ಯಾಟ್ರಿಕ್ ಸಮೇತ 123ಕ್ಕೆ 7 ವಿಕೆಟ್ ತೆಗೆದಿದ್ದ ಇಪ್ಪತ್ತರ ಹುಡುಗ ಎರಡನೆಯದರಲ್ಲಿ 73ಕ್ಕೆ 6 ತೆಗೆದ. ಆ ಸರಣಿಯ ಮೂರು ಟೆಸ್ಟುಗಳಲ್ಲಿ ಹರ್ಭಜನ್ 32 ವಿಕೆಟ್ ಪಡೆದ. ಭಾರತದ ಬೇರೆ ಯಾವ ಬೌಲರನಿಗೂ ಮೂರಕ್ಕಿಂತ ಹೆಚ್ಚು ಸಿಗಲಿಲ್ಲ. ಸರಣಿಶ್ರೇಷ್ಠ ಪ್ರಶಸ್ತಿ ಅವನಿಗೆ ಬಂತು, ನಿಜ. ಪಂದ್ಯಶ್ರೇಷ್ಠ ಲಕ್ಷ್ಮಣ್. ನೆನಪು ಯಾರದ್ದು ಉಳಿಯಿತು ಎಂಬುದನ್ನು ಕಾಕಾನ ಕತ್ತರಿಯೇ ಹೇಳಿತು.

ನನ್ನ ವಾದ ಇಷ್ಟು. ಟೆಸ್ಟ್ ಕ್ರಿಕೆಟಿನಲ್ಲಿ ಬ್ಯಾಟಿಂಗ್ ಸೋಲನ್ನು ದೂರವಿಡುತ್ತದೆ, ಬೌಲಿಂಗ್ ಗೆಲುವನ್ನು ತರುತ್ತದೆ. ಎದುರಾಳಿಯ ಇಪ್ಪತ್ತು ವಿಕೆಟ್ ತೆಗೆಯದ ತಂಡ ಸಾವಿರ ರನ್ ಹೊಡೆದರೂ, ಎದುರಿನವರು ಡಿಕ್ಲೇರ್ ಮಾಡಿ ಅವಕಾಶ ಕೊಡದ ಹೊರತು, ಗೆಲ್ಲುವುದಿಲ್ಲ. ಹಾಗಿದ್ದೂ ಶ್ರೇಷ್ಠರ ಪಟ್ಟಿ ಮಾಡುವಾಗ ನಾವು ಮೊದಲು ಬ್ಯಾಟರುಗಳನ್ನು ಬರೆದು, ಉಳಿದ ಜಾಗದಲ್ಲಿ ಬೌಲರುಗಳನ್ನು ಕೂರಿಸುತ್ತೇವೆ. ಇದು ಅಭಿರುಚಿಯ ಪ್ರಶ್ನೆ ಮಾತ್ರ ಎಂದು ನಾನು ಒಪ್ಪುವುದಿಲ್ಲ. ಯಾರ ಕೆಲಸವನ್ನು ಕೆಲಸವೆಂದು ಎಣಿಸುತ್ತೇವೆ, ಯಾರದನ್ನು ಸೇವೆಯೆಂದು ಮರೆಯುತ್ತೇವೆ ಎಂಬ ಹಳೆಯ ರೋಗ ಇದರಲ್ಲಿದೆ.

ರೋಗದ ಮೊದಲ ಲಕ್ಷಣ ನಮ್ಮ ಭಾಷೆಯಲ್ಲೇ ಕಾಣುತ್ತದೆ. ಅನುವಾದ ಮಾಡಿ ಹೊಟ್ಟೆ ಹೊರೆಯುವವನಾದ್ದರಿಂದ ವಾಕ್ಯದಲ್ಲಿ ಕರ್ತೃ ಯಾರು ಎಂದು ಹುಡುಕುವುದು ನನಗೆ ಚಟವಾಗಿದೆ. ಕನ್ನಡ ಪತ್ರಿಕೆಗಳ ಕ್ರೀಡಾಪುಟ ಓದಿ ನೋಡಿ. ಬ್ಯಾಟರ್ ಶತಕ ಬಾರಿಸುತ್ತಾನೆ, ಸಿಡಿಸುತ್ತಾನೆ, ರನ್ ಹೊಳೆ ಹರಿಸುತ್ತಾನೆ. ಎಲ್ಲ ಸಕರ್ಮಕ ಕ್ರಿಯಾಪದಗಳು, ಮಾಡಿದವನು ಎದುರಿಗೇ ನಿಂತಿದ್ದಾನೆ. ಇನ್ನು ವಿಕೆಟ್? ಅದು 'ಬಿತ್ತು', ಹಣ್ಣಾದ ಎಲೆ ಬಿದ್ದಂತೆ. ಬ್ಯಾಟರ್ 'ಔಟಾದ', ಜ್ವರ ಬಂದಂತೆ. ಎಲ್ಲಕ್ಕಿಂತ ಸೋಜಿಗದ್ದು 'ವಿಕೆಟ್ ಒಪ್ಪಿಸಿದ' ಎಂಬ ನಮ್ಮ ಜನಪ್ರಿಯ ಪ್ರಯೋಗ. ಬೌಲರ್ ಆರು ಓವರು ಒಂದೇ ಜಾಗಕ್ಕೆ ಎಸೆದು, ಏಳನೆಯದರಲ್ಲಿ ಒಂದನ್ನು ಒಳಕ್ಕೆ ತಿರುಗಿಸಿ ಸ್ಟಂಪ್ ಹಾರಿಸಿದರೂ, ನಮ್ಮ ವಾಕ್ಯದಲ್ಲಿ ಬ್ಯಾಟರನೇ ಕರ್ತೃ. ಅವನು ದೊಡ್ಡ ಮನಸ್ಸು ಮಾಡಿ ತನ್ನ ವಿಕೆಟನ್ನು 'ಒಪ್ಪಿಸಿ' ಹೋಗುತ್ತಾನೆ. ಬೌಲರ್ ಇರುವುದೆಲ್ಲಿ? 'ಕುಂಬ್ಳೆ ಬೌಲಿಂಗ್‌ನಲ್ಲಿ ಔಟಾದ' ಎನ್ನುವಾಗ ಅವನು ಸಪ್ತಮಿ ವಿಭಕ್ತಿಯಲ್ಲಿದ್ದಾನೆ. ಅಂದರೆ ಅವನೊಂದು ಜಾಗ. ಮೈದಾನದಲ್ಲಿ, ಮಳೆಯಲ್ಲಿ, ಕುಂಬ್ಳೆ ಬೌಲಿಂಗ್‌ನಲ್ಲಿ. 'ಕಿತ್ತ', 'ಉರುಳಿಸಿದ', 'ಕಬಳಿಸಿದ' ಎಂಬ ಮಾತುಗಳೂ ಇವೆಯಲ್ಲ ಎಂದು ನೀವು ಕೇಳಬಹುದು. ಇವೆ. 'ಕಬಳಿಸು' ಎಂಬುದನ್ನು ನಾವು ಇನ್ನೆಲ್ಲಿ ಬಳಸುತ್ತೇವೆ ಎಂದು ನೆನಪಿಸಿಕೊಳ್ಳಿ: ಕೆರೆ ಜಾಗ ಕಬಳಿಸಿದವರ ಸುದ್ದಿಯಲ್ಲಿ.

ಬಜಾರಿನಲ್ಲಿ ನಿಂತಿದ್ದರಿಂದಲೋ ಏನೋ ಇನ್ನೊಂದು ಹೊಳೆಯಿತು. ಬ್ಯಾಟರ್ ರನ್ 'ಗಳಿಸುತ್ತಾನೆ'. ಬೌಲರ್ ರನ್ 'ಕೊಡುತ್ತಾನೆ', ಹೆಚ್ಚು ಕೊಟ್ಟರೆ 'ದುಬಾರಿ'ಯಾಗುತ್ತಾನೆ. ಒಬ್ಬ ಜಮಾ, ಇನ್ನೊಬ್ಬ ಖರ್ಚು. ಬೌಲರನ ಸರಾಸರಿಯೇ ಒಂದು ಖರ್ಚಿನ ಚೀಟಿ: ಒಂದು ವಿಕೆಟಿಗೆ ಎಷ್ಟು ತೆತ್ತ ಎಂಬ ಲೆಕ್ಕ. ಹೀಗೆ ಪುಸ್ತಕ ಬರೆದಿಟ್ಟ ಮೇಲೆ ಸಾಹುಕಾರ ಯಾರು, ಆಳು ಯಾರು ಎಂದು ಮತ್ತೆ ಕೇಳಬೇಕಾಗಿಲ್ಲ.

ಕನ್ನಡಿಗರಿಗೆ ಗೊತ್ತಿರುವ ಉದಾಹರಣೆಯನ್ನೇ ಕೊಡುತ್ತೇನೆ. 1975ರ ಜನವರಿ, ಮದ್ರಾಸು, ಎದುರಿಗೆ ವೆಸ್ಟ್ ಇಂಡೀಸ್. ಆಂಡಿ ರಾಬರ್ಟ್ಸ್ 64ಕ್ಕೆ 7 ವಿಕೆಟ್ ತೆಗೆದ ಇನಿಂಗ್ಸಿನಲ್ಲಿ ಭದ್ರಾವತಿಯ ಜಿ.ಆರ್. ವಿಶ್ವನಾಥ್ ಔಟಾಗದೆ 97. ನಮ್ಮಲ್ಲಿ ಆ 97ನ್ನು ದೇವರ ಪಟದಂತೆ ಗೋಡೆಗೆ ತೂಗುಹಾಕಿದ ಮನೆಗಳಿವೆ. ಸರಿಯೇ, ಅದು ಹಾಗೆ ತೂಗುಹಾಕುವಂಥದ್ದೇ. ಆದರೆ ಆ ಇನಿಂಗ್ಸಿನ ಕೊನೆಗೆ ಭಾರತದ ಮೊತ್ತ 190, ವೆಸ್ಟ್ ಇಂಡೀಸಿನದು 192. ಎರಡು ರನ್ ಹಿಂದಿದ್ದ ತಂಡ ಆ ಪಂದ್ಯವನ್ನು 100 ರನ್ನಿನಿಂದ ಗೆದ್ದದ್ದು ಹೇಗೆ? ಇರಪಳ್ಳಿ ಪ್ರಸನ್ನ ಮೊದಲ ಇನಿಂಗ್ಸಿನಲ್ಲಿ 70ಕ್ಕೆ 5, ಎರಡನೆಯದರಲ್ಲಿ 41ಕ್ಕೆ 4. ಒಂಬತ್ತು ವಿಕೆಟ್. ಅದೇ ರಾಜ್ಯದವನು, ಅದೇ ಪಂದ್ಯ. ವಿಶಿಯ 97ನ್ನು ಕಣ್ಣಿಗೆ ಕಟ್ಟುವಂತೆ ವರ್ಣಿಸುವ ಹಿರಿಯರನ್ನು ಪ್ರಸನ್ನ ಎಷ್ಟು ವಿಕೆಟ್ ತೆಗೆದರೆಂದು ಕೇಳಿ ನೋಡಿ. ನಾನು ಕೇಳಿದ್ದೇನೆ. "ಹೌದು, ಚೆನ್ನಾಗಿ ಮಾಡಿದ್ದ" ಎನ್ನುತ್ತಾರೆ.

ಬಿ.ಎಸ್. ಚಂದ್ರಶೇಖರ್ ವಿಷಯ ಇನ್ನೂ ಬೇಸರದ್ದು. 58 ಟೆಸ್ಟುಗಳಲ್ಲಿ 242 ವಿಕೆಟ್, 167 ರನ್. ತೆಗೆದ ವಿಕೆಟ್ಟಿಗಿಂತ ಹೊಡೆದ ರನ್ನೇ ಕಡಿಮೆ ಎಂಬುದನ್ನು ಹೇಳಿ ನಾವೆಲ್ಲ ನಕ್ಕಿದ್ದೇವೆ. 1977–78ರ ಆಸ್ಟ್ರೇಲಿಯ ಪ್ರವಾಸದಲ್ಲಿ ಅವರು ಸೊನ್ನೆಗಳ ಸಾಲು ಕಟ್ಟಿದ್ದಕ್ಕೆ ನಡುವೆ ತೂತಿರುವ ಬ್ಯಾಟೊಂದನ್ನು ತಮಾಷೆಗೆ ಉಡುಗೊರೆ ಕೊಟ್ಟರು. ಅದೇ ಪ್ರವಾಸದಲ್ಲಿ, ಮೆಲ್ಬರ್ನಿನಲ್ಲಿ, ಅವರು ಎರಡು ಇನಿಂಗ್ಸಿನಲ್ಲೂ ತಲಾ 52ಕ್ಕೆ 6 ವಿಕೆಟ್ ತೆಗೆದು ಆಸ್ಟ್ರೇಲಿಯದ ನೆಲದಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ಗೆಲುವು ತಂದುಕೊಟ್ಟರು. ಮಕ್ಕಳಿಗೆ ನಾವು ಹೇಳುವ ಕತೆ ತೂತು ಬ್ಯಾಟಿನದು. ಬೌಲಿಂಗ್ ಬಾರದ ಬ್ಯಾಟರನಿಗೆ ತೂತು ಚೆಂಡು ಕೊಟ್ಟ ಸುದ್ದಿಯನ್ನು ನಾನಂತೂ ಕೇಳಿಲ್ಲ. ಬೌಲರನಿಗೆ ಬ್ಯಾಟಿಂಗ್ ಬಾರದಿದ್ದರೆ ನಗೆಪಾಟಲು. ಬ್ಯಾಟರನಿಗೆ ಬೌಲಿಂಗ್ ಬಾರದಿದ್ದರೆ ಅದು ಸಹಜ, ಅವನೇಕೆ ಆ ಕೆಲಸ ಮಾಡಬೇಕು?

ಅದೇ ಚಂದ್ರ 1971ರ ಆಗಸ್ಟಿನಲ್ಲಿ ಓವಲ್‌ನಲ್ಲಿ 38ಕ್ಕೆ 6 ವಿಕೆಟ್ ತೆಗೆದು ಇಂಗ್ಲೆಂಡನ್ನು 101ಕ್ಕೆ ಮುಗಿಸಿದ್ದು. ಇಂಗ್ಲೆಂಡಿನಲ್ಲಿ ಭಾರತದ ಮೊದಲ ಟೆಸ್ಟ್ ಗೆಲುವು ಅದು. ಆ ಪಂದ್ಯದಲ್ಲಿ ಭಾರತದ ಯಾರೂ ಶತಕ ಹೊಡೆಯಲಿಲ್ಲ. ಅದೇ ವರ್ಷದ ಆರಂಭದಲ್ಲಿ ವೆಸ್ಟ್ ಇಂಡೀಸಿನಲ್ಲಿ ಸುನಿಲ್ ಗವಾಸ್ಕರ್ ನಾಲ್ಕು ಟೆಸ್ಟುಗಳಲ್ಲಿ 774 ರನ್ ಹೊಡೆದಿದ್ದರು. ಅವರ ಮೇಲೆ ಅಲ್ಲಿ ಕ್ಯಾಲಿಪ್ಸೊ ಹಾಡೇ ಹುಟ್ಟಿತು. ಆ ಸರಣಿಯ ಅವರ ನಾಲ್ಕು ಶತಕಗಳೂ ಬಂದದ್ದು ಡ್ರಾ ಆದ ಪಂದ್ಯಗಳಲ್ಲಿ. ಭಾರತ ಗೆದ್ದ ಒಂದೇ ಪಂದ್ಯದಲ್ಲಿ ಅವರು ಶತಕ ಹೊಡೆಯಲಿಲ್ಲ. ಆ ಶತಕಗಳು ವ್ಯರ್ಥ ಎನ್ನುತ್ತಿಲ್ಲ ನಾನು. ಸಿಕ್ಕಿದ್ದ ಮುನ್ನಡೆಯನ್ನು ಕಾಪಾಡಿದ್ದೇ ಅವು. ಕಾಪಾಡಿದ್ದು ಎಂಬ ಪದವನ್ನೇ ಗಮನಿಸಿ ಎನ್ನುತ್ತೇನೆ.

ಕಾಪಾಡುವ ಕೆಲಸ ಸಣ್ಣದಲ್ಲ ಎಂಬುದನ್ನೂ ಇಲ್ಲೇ ಒಪ್ಪಿಬಿಡುತ್ತೇನೆ. 2021ರ ಜನವರಿಯಲ್ಲಿ ಸಿಡ್ನಿಯಲ್ಲಿ ತೊಡೆಯ ಸ್ನಾಯು ಹರಿದುಕೊಂಡ ಹನುಮ ವಿಹಾರಿ 161 ಎಸೆತ ಎದುರಿಸಿ 23 ರನ್ ಮಾಡಿ ನಿಂತರಲ್ಲ, ಅಂಥ ಬ್ಯಾಟಿಂಗ್ ನನ್ನ ಮಟ್ಟಿಗೆ ಎಷ್ಟೋ ದ್ವಿಶತಕಗಳಿಗಿಂತ ದೊಡ್ಡದು. (ಇನ್ನೊಂದು ತುದಿಯಲ್ಲಿ ನಿಂತವರು ರವಿಚಂದ್ರನ್ ಅಶ್ವಿನ್, ಬೌಲರು. ಇರಲಿ.) ಬ್ಯಾಟರನಿಗೆ ಒಂದೇ ತಪ್ಪು ಸಾಕು, ಬೌಲರನಿಗೆ ಮುಂದಿನ ಎಸೆತ ಇದ್ದೇ ಇರುತ್ತದೆ ಎಂಬ ವಾದವೂ ಸತ್ಯವೇ. ಬ್ಯಾಟರನದು ಹೆಚ್ಚು ಅಪಾಯದ ಬದುಕು. ಆದರೆ ಅಪಾಯವೇ ಹಿರಿಮೆಯ ಅಳತೆಯಾದರೆ, ಆ ಅಪಾಯವನ್ನು ದಿನಕ್ಕೆ ಇಪ್ಪತ್ತು–ಮೂವತ್ತು ಓವರು ದಣಿದು ಸೃಷ್ಟಿಸುವವನ ಪಾಲು ಎಲ್ಲಿ ಹೋಯಿತು? ಡ್ರಾವಿಡ್ ತಮ್ಮ ಟೆಸ್ಟ್ ಬದುಕಿನಲ್ಲಿ 31,258 ಎಸೆತ ಎದುರಿಸಿದರು. ಅದು ವಿಶ್ವದಾಖಲೆ, ಆ ಸಹನೆಗೆ ನಾವು 'ಗೋಡೆ' ಎಂದು ಹೆಸರಿಟ್ಟೆವು. ಅನಿಲ್ ಕುಂಬ್ಳೆ ಎಸೆದದ್ದು 40,850. ಒಂದೊಂದಕ್ಕೂ ಓಡಿ ಬಂದು, ಹೆಗಲು ತಿರುವಿ. ಅದಕ್ಕೆ ಹೆಸರಿಟ್ಟೆವೇ?

ಕುಂಬ್ಳೆಯನ್ನು ನಾವು ಮರೆತಿಲ್ಲವಲ್ಲ ಎಂದರೆ, ಹೌದು, ಮರೆತಿಲ್ಲ. ಏನನ್ನು ನೆನಪಿಟ್ಟಿದ್ದೇವೆ? 1999ರ ದೆಹಲಿಯ 74ಕ್ಕೆ 10. 2002ರಲ್ಲಿ ಆಂಟಿಗಾದಲ್ಲಿ ಮುರಿದ ದವಡೆಗೆ ಬಟ್ಟೆ ಸುತ್ತಿಕೊಂಡು ಬಂದು ಲಾರಾನ ವಿಕೆಟ್ ತೆಗೆದದ್ದು. ಒಂದೋ ಪವಾಡ, ಇಲ್ಲವೇ ಗಾಯ. ಬ್ಯಾಟರನಿಗೆ ಶ್ರೇಷ್ಠನಾಗಲು ಶತಕ ಸಾಕು. ಬೌಲರ್ ಹತ್ತಕ್ಕೆ ಹತ್ತೂ ತೆಗೆಯಬೇಕು ಅಥವಾ ಮೂಳೆ ಮುರಿದುಕೊಳ್ಳಬೇಕು. ಉಳಿದ 600ಕ್ಕೂ ಹೆಚ್ಚು ವಿಕೆಟ್ಟುಗಳು ನೌಕರಿಯ ಲೆಕ್ಕಕ್ಕೆ ಹೋದವು. 1990ರಲ್ಲಿ ಟೆಸ್ಟಿಗೆ ಕಾಲಿಟ್ಟವರಿಗೆ ನಾಯಕತ್ವ ಸಿಕ್ಕಿದ್ದು 2007ರಲ್ಲಿ, ಡ್ರಾವಿಡ್ ಬಿಟ್ಟುಕೊಟ್ಟ ಮೇಲೆ.

ಬರೀ ರನ್ನಿನಿಂದ ಏನಾಗುತ್ತದೆ ಎಂಬುದಕ್ಕೆ ನಮ್ಮ ಮೊದಲ ಇಪ್ಪತ್ತು ವರ್ಷಗಳೇ ಸಾಕ್ಷಿ. 1948ರಲ್ಲಿ ಅಡಿಲೇಡಿನಲ್ಲಿ ಬ್ರಾಡ್ಮನ್ನರ ತಂಡದೆದುರು ವಿಜಯ್ ಹಜಾರೆ ಎರಡೂ ಇನಿಂಗ್ಸಿನಲ್ಲಿ ಶತಕ ಹೊಡೆದರು: 116, 145. ಭಾರತ ಸೋತದ್ದು ಇನಿಂಗ್ಸ್ ಮತ್ತು 16 ರನ್ನಿನಿಂದ. 1932ರಲ್ಲಿ ಟೆಸ್ಟ್ ಆಡಲು ಶುರುಮಾಡಿದ ದೇಶ ಮೊದಲು ಗೆದ್ದದ್ದು 1952ರಲ್ಲಿ ಮದ್ರಾಸಿನಲ್ಲಿ, ವಿನೂ ಮಂಕಡ್ 12 ವಿಕೆಟ್ ತೆಗೆದಾಗ. ಸುಲ್ತಾನ್ ಬಜಾರಿನಿಂದ ಆಟೋದಲ್ಲಿ ಕೂತರೆ ಸ್ವಲ್ಪ ಹೊತ್ತಿಗೇ ಸಿಗುವ ಫತೇಹ್ ಮೈದಾನದಲ್ಲಿ, ಈಗಿನ ಲಾಲ್ ಬಹಾದ್ದೂರ್ ಸ್ಟೇಡಿಯಮ್ಮಿನಲ್ಲಿ, 1955ರಲ್ಲಿ ಪಾಲಿ ಉಮ್ರಿಗರ್ ನ್ಯೂಜಿಲೆಂಡಿನೆದುರು 223 ಹೊಡೆದರು. ಟೆಸ್ಟಿನಲ್ಲಿ ಭಾರತೀಯನೊಬ್ಬನ ಮೊದಲ ದ್ವಿಶತಕ. ಕಾಕಾನ ತಂದೆ ಅದನ್ನು ಕಣ್ಣಾರೆ ನೋಡಿದ್ದರಂತೆ, ಮನೆಯಲ್ಲಿ ಅದರ ಮಾತು ಈಗಲೂ ಬರುತ್ತದಂತೆ. ಅದೇ ಪಂದ್ಯದಲ್ಲಿ ಸುಭಾಷ್ ಗುಪ್ತೆ 128ಕ್ಕೆ 7 ವಿಕೆಟ್ ತೆಗೆದು ನ್ಯೂಜಿಲೆಂಡಿಗೆ ಫಾಲೋ ಆನ್ ಹೇರಿದ್ದು ಕಾಕಾನಿಗೆ ಗೊತ್ತಿರಲಿಲ್ಲ. ಎರಡನೆಯ ಸಲ ಎರಡೇ ವಿಕೆಟ್ ಸಿಕ್ಕವು. ಪಂದ್ಯ ಡ್ರಾ.

ನನ್ನ ವಾದಕ್ಕೆ ಎದುರಾಗಿ ನಿಲ್ಲುವ ಒಂದು ಪಂದ್ಯವಿದೆ, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. 1976, ಪೋರ್ಟ್ ಆಫ್ ಸ್ಪೇನ್. ಕ್ಲೈವ್ ಲಾಯ್ಡ್ ಎರಡನೆಯ ಇನಿಂಗ್ಸನ್ನು ಡಿಕ್ಲೇರ್ ಮಾಡಿ 403ರ ಗುರಿ ಕೊಟ್ಟ. ಗವಾಸ್ಕರ್ 102, ವಿಶ್ವನಾಥ್ 112, ಮೊಹಿಂದರ್ ಅಮರನಾಥ್ 85. ಭಾರತ ನಾಲ್ಕೇ ವಿಕೆಟ್ ಕಳೆದುಕೊಂಡು ಗೆದ್ದಿತು. ಇಪ್ಪತ್ತು ವಿಕೆಟ್ ತೆಗೆಯದೆಯೇ ಬಂದ ಗೆಲುವು, ಅಪ್ಪಟ ಬ್ಯಾಟರುಗಳ ಗೆಲುವು. ಆದರೆ ಅಂದು ಸೋತ ನಾಯಕ ಕಲಿತ ಪಾಠವೇನು? ಇನ್ನೂ ನಾಲ್ವರು ಒಳ್ಳೆಯ ಬ್ಯಾಟರುಗಳನ್ನು ಹುಡುಕಬೇಕೆಂದೇ? ಅಲ್ಲ. ಮೂವರು ಸ್ಪಿನ್ನರುಗಳನ್ನು ನಂಬಿ ಕೆಟ್ಟ ಲಾಯ್ಡ್ ನಾಲ್ವರು ವೇಗಿಗಳನ್ನು ಕಟ್ಟಿದ. ಆಮೇಲೆ ವೆಸ್ಟ್ ಇಂಡೀಸ್ 1980ರಿಂದ 1995ರವರೆಗೆ ಒಂದೇ ಒಂದು ಟೆಸ್ಟ್ ಸರಣಿ ಸೋಲಲಿಲ್ಲ. ಬ್ಯಾಟಿಂಗಿನ ಅತಿ ದೊಡ್ಡ ದಿನವೊಂದರಿಂದ ಹುಟ್ಟಿದ್ದು ಬೌಲಿಂಗಿನ ಸಾಮ್ರಾಜ್ಯ. ಸೋತವರಿಗೆ ಗೊತ್ತಾದದ್ದು ಗೆದ್ದ ನಮಗೆ ಗೊತ್ತಾಗಲಿಲ್ಲ.

ಹಾಗಾದರೆ ಈ ಮೇಲು–ಕೀಳು ಬಂದದ್ದೆಲ್ಲಿಂದ? ಆಟದ ಜೊತೆಗೇ ಬಂದದ್ದು. ಇಂಗ್ಲೆಂಡಿನಲ್ಲಿ ಹವ್ಯಾಸಿ ಜಂಟಲ್‌ಮನ್ನರು ಬೇರೆ, ಕೂಲಿ ಪಡೆಯುವ ವೃತ್ತಿಪರರು ಬೇರೆ. ಬ್ಯಾಟಿಂಗ್ ಹೆಚ್ಚಾಗಿ ಮೊದಲಿನವರ ಸೊಬಗು, ಬೆವರಿನ ಬೌಲಿಂಗ್ ಎರಡನೆಯವರ ಪಾಲು. 1932–33ರ ಬಾಡಿಲೈನ್ ಸರಣಿಯಲ್ಲಿ ಬ್ರಾಡ್ಮನ್ನರನ್ನು ಕಟ್ಟಿಹಾಕಲು ಯೋಜನೆ ಹಾಕಿದವನು ಜಂಟಲ್‌ಮನ್ ನಾಯಕ ಜಾರ್ಡಿನ್, ಎಸೆದವನು ಗಣಿ ಕಾರ್ಮಿಕನಾಗಿದ್ದ ಹೆರಾಲ್ಡ್ ಲಾರ್ವುಡ್. 33 ವಿಕೆಟ್ ತೆಗೆದು ಸರಣಿ ಗೆಲ್ಲಿಸಿದ. ಗಲಾಟೆಯಾದಾಗ ಕ್ಷಮೆ ಕೇಳು ಎಂದದ್ದು ಲಾರ್ವುಡ್‌ನನ್ನು. ಕೇಳಲಿಲ್ಲ, ಮತ್ತೆಂದೂ ಟೆಸ್ಟ್ ಆಡಲಿಲ್ಲ. ಜಾರ್ಡಿನ್ ಮರುವರ್ಷ ಇಂಗ್ಲೆಂಡ್ ತಂಡದ ನಾಯಕನಾಗಿ ಭಾರತಕ್ಕೆ ಬಂದ.

ನಮ್ಮಲ್ಲಿ ಇದಕ್ಕೆ ಜಾತಿ ಸೇರಿತು. ಧಾರವಾಡದಲ್ಲಿ 1876ರಲ್ಲಿ ಹುಟ್ಟಿದ, ಚಮ್ಮಾರ ಸಮುದಾಯದ ಪಾಲ್ವಂಕರ್ ಬಾಲೂ ಪುಣೆಯ ಬಿಳಿಯರ ಕ್ಲಬ್ಬಿನಲ್ಲಿ ತಿಂಗಳಿಗೆ 4 ರೂಪಾಯಿಗೆ ಕೆಲಸಕ್ಕಿದ್ದರು. ಪಿಚ್ಚಿಗೆ ರೋಲರ್ ಎಳೆಯುವುದು, ನೆಟ್ ಕಟ್ಟುವುದು, ಬಿಡುವಾದಾಗ ಸಾಹೇಬರಿಗೆ ಬೌಲ್ ಮಾಡುವುದು. ಗ್ರೇಗ್ ಎಂಬ ಆ ಕಾಲದ ಹೆಸರಾಂತ ಬ್ಯಾಟರ್ ಎಲ್ಲರಿಗಿಂತ ಮುಂಚೆ ಬಂದು ಬಾಲೂ ಕೈಲಿ ಎಸೆಸಿಕೊಂಡು ಅಭ್ಯಾಸ ಮಾಡುತ್ತಿದ್ದ. ರಾಮಚಂದ್ರ ಗುಹಾ ತಮ್ಮ ಕ್ರಿಕೆಟ್ ಇತಿಹಾಸದ ಪುಸ್ತಕದಲ್ಲಿ ಈ ಕತೆಯನ್ನೆಲ್ಲ ಹೇಳಿದ್ದಾರೆ. ಅದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಸಂಗತಿ: ಅಷ್ಟು ವರ್ಷ ಎಸೆದ ಬಾಲೂಗೆ ಅಲ್ಲಿ ಯಾರೂ ಒಮ್ಮೆಯೂ ಬ್ಯಾಟ್ ಕೊಡಲಿಲ್ಲ. ಬೌಲಿಂಗ್ ಎಂದರೆ ರೋಲರ್ ಎಳೆಯುವುದರ ಮುಂದುವರಿಕೆ, ಆಳಿನ ಕೆಲಸ. ಬ್ಯಾಟಿಂಗ್ ಎಂದರೆ ಆಟ.

ಆಮೇಲೆ ಪುಣೆಯ ಹಿಂದೂಗಳಿಗೆ ಯುರೋಪಿಯನ್ನರನ್ನು ಸೋಲಿಸಲು ಬಾಲೂ ಬೇಕಾದರು. ಅವರು ಮುಟ್ಟಿದ ಚೆಂಡನ್ನು ಮುಟ್ಟಬಹುದಿತ್ತು. ಚಹಾ ಮಾತ್ರ ಪೆವಿಲಿಯನ್ ಹೊರಗೆ, ಬಿಸಾಡುವ ಮಣ್ಣಿನ ಕುಡಿಕೆಯಲ್ಲಿ. 1911ರಲ್ಲಿ ಇಂಗ್ಲೆಂಡಿಗೆ ಹೋದ ಅಖಿಲ ಭಾರತ ತಂಡಕ್ಕೆ ಪಟಿಯಾಲದ ಮಹಾರಾಜ ನಾಯಕ. ಆತ ಕೆಲವು ಪಂದ್ಯ ಆಡಿ ಲಂಡನ್ನಿನ ಸಂತೋಷಕೂಟಗಳತ್ತ ಹೋದ. ಬಾಲೂ ಪ್ರವಾಸದುದ್ದಕ್ಕೂ ಎಸೆದು 114 ವಿಕೆಟ್ ತೆಗೆದರು. ಹಿಂದೂ ತಂಡದ ನಾಯಕತ್ವ ಅವರಿಗೆ ಸಿಗಲೇ ಇಲ್ಲ. 1923ರಲ್ಲಿ ಅದು ಸಿಕ್ಕಿದ್ದು ತಮ್ಮ ವಿಠ್ಠಲನಿಗೆ. ಕಾಲ ಬದಲಾಗಿತ್ತು, ಅಸ್ಪೃಶ್ಯತೆಯ ವಿರುದ್ಧ ಗಾಂಧಿಯವರ ಮಾತು ಊರೂರಿಗೆ ಮುಟ್ಟಿತ್ತು, ಅದೇ ಮುಖ್ಯ ಕಾರಣ. ಆದರೂ ವಿಠ್ಠಲ ಬ್ಯಾಟರ್ ಆಗಿದ್ದ ಎಂಬುದನ್ನು ನಾನು ಓದಿ ಸುಮ್ಮನೆ ಮುಂದೆ ಹೋಗಲಾರೆ.

ಧಾರವಾಡದ ನೆಲದಲ್ಲಿ ಹುಟ್ಟಿದ, ಈ ದೇಶದ ಮೊದಲ ದೊಡ್ಡ ಬೌಲರನ ಹೆಸರನ್ನು ಕನ್ನಡದ ಶ್ರೇಷ್ಠ ಕ್ರಿಕೆಟಿಗರ ಮಾತುಕತೆಯಲ್ಲಿ ನಾನು ಕೇಳಿದ್ದು ಬಹಳ ಕಡಿಮೆ. ನಾವು ಪಟ್ಟಿಗಳನ್ನು ವಿಶಿಯಿಂದ ಶುರುಮಾಡುತ್ತೇವೆ.

ಇದು ಹಳೆಯ ಕಾಲದ ಮಾತು ಎನ್ನುವವರಿಗೆ 2024ರ ಜನವರಿಯ ಉಪ್ಪಲ್ ಟೆಸ್ಟ್ ನೆನಪಿಸುತ್ತೇನೆ. ಇದೇ ಹೈದರಾಬಾದಿನಲ್ಲಿ 190 ರನ್ ಹಿಂದಿದ್ದ ಇಂಗ್ಲೆಂಡ್ 28 ರನ್ನಿನಿಂದ ಗೆದ್ದಿತು. ಓಲಿ ಪೋಪ್ 196 ಹೊಡೆದ, ಪಂದ್ಯಶ್ರೇಷ್ಠನಾದ. 231ರ ಗುರಿ ಬೆನ್ನತ್ತಿದ ಭಾರತವನ್ನು ಮೊದಲ ಟೆಸ್ಟ್ ಆಡುತ್ತಿದ್ದ ಟಾಮ್ ಹಾರ್ಟ್ಲಿ 62ಕ್ಕೆ 7 ತೆಗೆದು ನಿಲ್ಲಿಸಿದ. ಕಾಕಾ ಆ ಪಂದ್ಯದ ನಾಲ್ಕನೆಯ ದಿನ ಸ್ಟೇಡಿಯಮ್ಮಿನಲ್ಲಿದ್ದರು. ಪೋಪ್‌ನ ರಿವರ್ಸ್ ಸ್ವೀಪನ್ನು ಅಳತೆಕೋಲು ಹಿಡಿದು ಅಂಗಡಿಯಲ್ಲೇ ಆಡಿ ತೋರಿಸಿದರು. ಸೋಲಿಸಿದವನ ಹೆಸರು ಕೇಳಿದರೆ, "ಅಂವ... ಉದ್ದನ್ನ ಹುಡುಗ" ಅಂದರು.

ಹಾಗೆಂದು ನಾನು ಕಾಕಾನನ್ನು ಗೆದ್ದೆ ಎಂದುಕೊಳ್ಳಬೇಡಿ. ಬಟ್ಟೆ ಮಡಿಚುತ್ತ ಅವರೇ ಮೊಹಮ್ಮದ್ ಸಿರಾಜ್ ಹೆಸರು ತೆಗೆದರು. ಈ ಊರಿನ ಆಟೋ ಚಾಲಕರ ಮಗ, 2025ರ ಆಗಸ್ಟ್ 4ರ ಬೆಳಗ್ಗೆ ಓವಲ್‌ನಲ್ಲಿ ಕೊನೆಯ ಸ್ಟಂಪ್ ಹಾರಿಸಿ 6 ರನ್ನಿನಿಂದ ಟೆಸ್ಟ್ ಗೆಲ್ಲಿಸಿದವನು. ಹಿಂದಿನ ದಿನ ಬ್ರೂಕ್‌ನ ಕ್ಯಾಚ್ ಹಿಡಿದು ಬೌಂಡರಿ ಹಗ್ಗ ತುಳಿದದ್ದನ್ನು ಕಾಕಾ ಮೊದಲು ಹೇಳಿದರು, ಗೆಲ್ಲಿಸಿದ್ದನ್ನು ಆಮೇಲೆ. "ಆದರೂ ನಮ್ಮ ಹುಡುಗ" ಅಂದರು. ಚಂದ್ರ 1971ರಲ್ಲಿ ಗೆಲ್ಲಿಸಿದ ಮೈದಾನವೂ ಅದೇ ಎಂದು ನಾನು ಹೇಳಿದೆ. ಇಂಗ್ಲೆಂಡಿನ ವೋಕ್ಸ್ ಭುಜ ಕಳಚಿಕೊಂಡು ಮೊದಲ ಇನಿಂಗ್ಸಿನಲ್ಲಿ ಬ್ಯಾಟ್ ಹಿಡಿಯದಿದ್ದರಿಂದ ಬಿದ್ದದ್ದು ಒಟ್ಟು 19 ವಿಕೆಟ್, ಅದರಲ್ಲಿ ಸಿರಾಜ್ 9, ಇನ್ನೊಬ್ಬ 8 ಎಂದು ಲೆಕ್ಕ ಕೊಟ್ಟೆ. ಬಿದ್ದದ್ದು ಅಂತ ನಾನೂ ಅಂದುಬಿಟ್ಟೆ, ನೋಡಿ.

ಕಾಕಾ ಹಣ ಎಣಿಸಿಕೊಂಡು, ಚಿಲ್ಲರೆ ಕೊಡುತ್ತ ಕೇಳಿದರು: "ಎಂಟು ತಗದಂವ ಯಾರ್ ತಮ್ಮಾ ಮತ್ತ?"

"ಪ್ರಸಿದ್ಧ್ ಕೃಷ್ಣ, ಕಾಕಾ. ಬೆಂಗಳೂರವನು."